ಕಿತ್ತ ಹತ್ತನೇ ಪುಟ

ಅಜ್ಜಂಪುರ
೧೪ ಜುಲೈ ೨೦೨೫, ಸೋಮವಾರ

ಚಿರಂಜೀವಿ ಸುದರ್ಶನನಿಗೆ ಅಕ್ಕನ ಆಶೀರ್ವಾದಗಳು.

ಇಲ್ಲಿ ಎಲ್ಲರೂ ಕ್ಷೇಮ ಎಂದು ಬರೆಯುವುದು ರೂಢಿ, ಈ ಸಲ ಬರೆಯಲಾರೆ. ಈ ಗುರುವಾರ ಲಕ್ಕವಳ್ಳಿಯಲ್ಲಿ ಬಸುರಿಯರ ಶಿಬಿರ, ಅಲ್ಲಿ ‘ಬೆಳ್ಳಿ ಹನಿ’ ಟಾನಿಕ್ಕು ಹಂಚುತ್ತೇನೆ, ನೀನೂ ಬಾ ಎಂದು ನೀನು ಕರೆದಿದ್ದೆ. ಉತ್ತರ ತಡವಾಯಿತು, ಕ್ಷಮಿಸು. ಎರಡು ಸಲ ಬರೆದು ಹರಿದೆ. ಫೋನಿನಲ್ಲಿ ದನಿ ಏರಿಸಿದರೆ ಇಟ್ಟುಬಿಡುತ್ತೀಯ, ಕಾಗದವನ್ನಾದರೂ ಕೊನೆವರೆಗೆ ಓದು.

ಆ ಬಾಟಲಿಯನ್ನು ಕಾಲೇಜಿನ ಲ್ಯಾಬಿಗೆ ಒಯ್ದವಳು ನಾನೇ, ನನ್ನ ತಮ್ಮ ಮಾರುವುದು ಎಂದು ಜಂಬ ಕೊಚ್ಚಿಕೊಳ್ಳಲು. ಈರುಳ್ಳಿ ಬೇರಿನ ಪ್ರಯೋಗ ಇತ್ತು. ಐದು ಗ್ಲಾಸಿಗೆ ಬರೀ ನೀರು, ಐದಕ್ಕೆ ನಿನ್ನ ಹನಿ ಬೆರೆಸಿದ ನೀರು. ನೀರಿನವು ಬೆಳ್ಳಗೆ ಬೇರು ಬಿಟ್ಟವು, ನಿನ್ನವು ಕಂದಿ ಮೊಂಡಾದವು. ಬೇರಿನ ತುದಿಯನ್ನು ಮೈಕ್ರೋಸ್ಕೋಪಿನಲ್ಲಿ ನೋಡಿದ ಹೇಮಶ್ರೀ ಎಂಬ ಹುಡುಗಿ, “ಮಿಸ್, ಕ್ರೋಮೋಸೋಮು ತುಂಡಾಗ್ಬಿಟ್ಟಿದಾವೆ” ಅಂದಳು. ಸ್ಲೈಡ್ ನೆಟ್ಟಗೆ ಮಾಡಿಲ್ಲ ಎಂದು ಅವಳನ್ನೇ ಗದರಿದೆ. ಎರಡು ವಾರದಲ್ಲಿ ಮೂರು ಸಲ ಮಾಡಿಸಿದೆ. ಮೂರು ಸಲವೂ ಹಾಗೇ.

ಶನಿವಾರ ಫೋನ್ ಮಾಡಿದರೆ ನಗುತ್ತೀಯ! “ಈರುಳ್ಳಿಗೂ ಮನುಷ್ಯರಿಗೂ ಏನಕ್ಕಾ ಸಂಬಂಧ? ಅಜ್ಜಿ ನಮ್ಗೆ ಬೆಳ್ಳಿ ಒಳಲೇಲಿ ಹಾಲು ಕುಡಿಸ್ಲಿಲ್ವಾ?” ಒಳಲೆ ಹೊಟ್ಟೆಗೆ ಹೋಗುವುದಿಲ್ಲ ಕಣೋ. ನಿನ್ನ ಬಾಟಲಿಯದು ಜೀವಕೋಶದೊಳಗೆ ನುಸುಳುವಷ್ಟು ಸಣ್ಣ ಬೆಳ್ಳಿ ಕಣ. ಎಂ.ಎಸ್ಸಿ. ಕೆಮಿಸ್ಟ್ರಿ ಮಾಡಿದವನಿಗೆ ಇದನ್ನು ನಾನು ಹೇಳಿಕೊಡಬೇಕೆ? ಈರುಳ್ಳಿ ಮನುಷ್ಯನಲ್ಲ, ಒಪ್ಪಿದೆ. ಹಾಗಾದರೆ ಹತ್ತನೇ ಪುಟ ಯಾಕೆ ಕಿತ್ತೆ?

ಕಂಪನಿಯ ವರದಿಯನ್ನು ಕನ್ನಡಕ್ಕೆ ಮಾಡಿಕೊಡು, ಕರಪತ್ರ ಹಾಕಿಸಬೇಕು ಎಂದು ನೀನು ತಂದಾಗ ಅದರಲ್ಲಿ ಒಂಬತ್ತನೇ ಪುಟವಾದ ಮೇಲೆ ಹನ್ನೊಂದಿತ್ತು. ಕೇಳಿದರೆ “ಬೈಂಡಿಂಗ್‌ನೋರ ಎಡವಟ್ಟು ಕಣೇ” ಅಂದೆ. ಮಕ್ಕಳ ರೆಕಾರ್ಡಿನಲ್ಲಿ ಒಂದು ಹಾಳೆ ಕಮ್ಮಿಯಾದರೂ ಸಹಿ ಹಾಕದ ನಾನು, ತಮ್ಮನೆಂದು ಆ ಕರಪತ್ರಕ್ಕೆ ನನ್ನ ಹೆಸರನ್ನೂ ಕೊಟ್ಟೆ. ಶನಿವಾರ ನಾನು ಗದರಿದ ಮೇಲೆ ನೀನು ಬಾಯಿಬಿಟ್ಟೆ: “ಇಲಿಗೆ ಕೊಟ್ಟು ನೋಡಿದ್ರು, ಡಿಎನ್‌ಎ ಒಡ್ದಿದೆ ಅಂತ ಬರ್ದಿದ್ರು. ಜನ ಸುಮ್ನೆ ಹೆದರ್ತಾರೆ ಅಂತ ತೆಗ್ದೆ.” ಹೆದರಲಿ ಎಂದೇ ಅದನ್ನು ಬರೆದಿರುವುದು, ಮೂರ್ಖ!

ನಿನ್ನೆ ಬಸ್ಸಿನಲ್ಲಿ ಅಮೃತಾಪುರದ ಕಾಂತಮ್ಮ ಸಿಕ್ಕಿದ್ದರು. “ಬಸುರಿ ಸೊಸೆಗೆ ದಿನಾ ಹಾಕ್ತಿದೀನಿ ಕಣ್ರವ್ವ. ಕಾಗ್ದದಲ್ಲಿ ನಿಮ್ದೇ ಹೆಸ್ರೈತಲ್ಲ, ಇನ್ನೇನ್ ಭಯ?” ಅಂದರು. ಇವತ್ತಿನಿಂದಲೇ ನಿಲ್ಲಿಸಿ ಎಂದು ಕೈ ಮುಗಿದೆ. ನಾಚಿಕೆಯಿಂದ ಅವರ ಮುಖ ನೋಡಲಾಗಲಿಲ್ಲ.

ಲಕ್ಕವಳ್ಳಿಗೆ ಒಂದು ಬಾಟಲಿಯೂ ಹೋಗಕೂಡದು. ಹೋದರೆ ಆ ಹೆಂಗಸರ ಮುಂದೆ ನಿಂತು ಎಲ್ಲ ಹೇಳುತ್ತೇನೆ, ಒಡಹುಟ್ಟಿದವನೆಂದು ನೋಡುವುದಿಲ್ಲ. ಈ ಕಾಗದವನ್ನು ಕಡೂರು ಬಸ್ಸಿನ ಕಂಡಕ್ಟರ್ ಕೈಲಿ ಕಳಿಸುತ್ತಿದ್ದೇನೆ. ಅವರ ಕೈಲೇ ಹತ್ತನೇ ಪುಟ ಕಳಿಸು.

ದೇವರು ನಿನಗೆ ಒಳ್ಳೆಯ ಬುದ್ಧಿ ಕೊಡಲಿ. ಹೊತ್ತಿಗೆ ಸರಿಯಾಗಿ ಊಟ ಮಾಡು.

ನಿನ್ನ ಅಕ್ಕ,
ಶ್ರೀವಿದ್ಯಾ

ತಾ.ಕ.: ನನ್ನ ಮಗಳು ಶ್ರೀಜಾಗೆ ಈಗ ಐದು ತಿಂಗಳು. ಹಿಂದೆ ಎರಡು ಸಲ ಬಸಿರು ನಿಲ್ಲದ್ದರಿಂದ ನಿನಗೂ ಹೇಳಿರಲಿಲ್ಲ. ಎರಡು ತಿಂಗಳು ದಿನವೂ ಹತ್ತು ಹನಿ, ನನ್ನ ಕೈಯಾರೆ ಕುಡಿಸಿದ್ದೇನೆ. ಹೇಮಶ್ರೀಯನ್ನು ಗದರುತ್ತಿದ್ದ ಆ ಎರಡು ವಾರವೂ. ಆ ಪುಟದಲ್ಲಿ ಬಸುರಿ ಇಲಿಗಳ ವಿಷಯ ಏನಾದರೂ ಇದೆಯೇನೋ? ಶನಿವಾರದಿಂದ ಕೊಟ್ಟಿಲ್ಲ, ಯಾಕೆಂದು ಅವಳಿಗೆ ಹೇಳುವ ಧೈರ್ಯವಿಲ್ಲ. ಇವತ್ತು ಬೆಳಿಗ್ಗೆ “ಅಮ್ಮಾ, ಮತ್ತೆ ಮರ್ತ್ಬಿಟ್ಯಾ?” ಎಂದು ಅವಳೇ ಲೋಟ ಹಿಡಿದು ಬಂದಳು.