ಗೆರೆಯ ಮೇಲೆ ಕೂತ ಮಣ್ಣು

ಅಟ್ಟೂರು
ಸೋಮವಾರ, ೬ ಮೇ ೨೦೨೪

ದಿವ್ಯ ತಾಯಿಗೆ ಅಜ್ಜಿಯ ಆಶೀರ್ವಾದ.

ಹುಬ್ಬಳ್ಳಿಯ ನೀರು ಒಗ್ಗಿತೇ? ನಿನ್ನದು ಮೊದಲೇ ನೆಗಡಿಯ ಮೈ, ಒದ್ದೆ ತಲೆಯಲ್ಲಿ ಕೆಲಸಕ್ಕೆ ಓಡಬೇಡ. ನನ್ನ ಮಂಡಿ ಇದ್ದ ಹಾಗೇ ಇದೆ. ನೀನು ಫೋನ್ ಎತ್ತುವುದಿಲ್ಲ, ಅದಕ್ಕೇ ಈ ಕಾಗದ. ಮೂರನೇ ಕ್ಲಾಸಿಗೆ ಶಾಲೆ ಬಿಟ್ಟವಳ ಬರವಣಿಗೆ, ತಪ್ಪು ಹುಡುಕದೆ ಓದು.

ಅಣ್ಣ ಅಶ್ವತ್ಥನ ಮೇಲೆ ಮುನಿಸಿಕೊಂಡು ನೀನು ಅಲ್ಲಿನ ಮಣ್ಣು ಪರೀಕ್ಷೆಯ ಲ್ಯಾಬಿಗೆ ಕೆಲಸಕ್ಕೆ ಹೋದೆ. ಇಲ್ಲಿ ಕೆರೆ ಪಕ್ಕದ ನಮ್ಮ ಸೈಟಿನಲ್ಲಿ ಪಾಯದ ಗುಂಡಿ ಹಾಗೇ ಬಾಯಿ ತೆರೆದುಕೊಂಡು ಬಿದ್ದಿದೆ. ಮೋಡ ಕಂಡಾಗಲೆಲ್ಲ ಎದ್ದು ಹೋಗಿ ಇಣುಕಿ ಬರುತ್ತೇನೆ. ಮೇಸ್ತ್ರಿ ಬಾಲರಾಜು ದಿನಾ ಬಂದು, "ಎಷ್ಟು ಆಳ ಅಂತ ಹೇಳ್ಬಿಡಜ್ಜಿ" ಎಂದು ಪ್ರಾಣ ತಿನ್ನುತ್ತಾನೆ. ನಿನ್ನ ರಿಪೋರ್ಟಿನಲ್ಲಿ ಮಣ್ಣು ಜಾಸ್ತಿ ಜಿಗುಟು, ನೀರು ಕುಡಿದರೆ ಉಬ್ಬುತ್ತದೆ, ಆದರೆ ಮಧ್ಯಮಕ್ಕೂ ಜಾಸ್ತಿಗೂ ನಡುವಿನ ಗೆರೆಯ ಹತ್ತಿರ ಇರುವುದರಿಂದ ಖಂಡಿತ ಹೇಳಲಾಗದು ಎಂದಿದೆ. ಬಾಲರಾಜು ಹೆಬ್ಬಾಳದ ಲ್ಯಾಬಿನಲ್ಲಿ ಮಾಡಿಸಿದ ಪರೀಕ್ಷೆಯಲ್ಲಿ ಅದೇ ಮಣ್ಣು ಮಧ್ಯಮ. ಮಧ್ಯಮವಾದರೆ ಪಾಯ ಇಷ್ಟೇ ಸಾಕು. ಜಾಸ್ತಿಯಾದರೆ ಇನ್ನೂ ಇಳಿಯಬೇಕು, ದುಡ್ಡೆಲ್ಲ ನೆಲದೊಳಗೆ ಹೋಗುತ್ತದೆ, ಅಶ್ವತ್ಥನ ಮದುವೆಯ ಹೊತ್ತಿಗೆ ಮಹಡಿ ಏಳುವುದಿಲ್ಲ. "ಹೊಟ್ಟೆಕಿಚ್ಚಿಗೆ ಬರ್ದಿದಾಳೆ" ಎಂದು ಅವನು ನಿನ್ನ ಮುಖಕ್ಕೆ ಅಂದದ್ದು ಇನ್ನೂ ನನ್ನ ಕಿವಿಯಲ್ಲಿದೆ.

ಸಿಟ್ಟು ನನಗೂ ಬಂದಿತ್ತು. ಅಷ್ಟು ಓದಿದವಳು ಹೇಳಲಾಗದು ಎಂದು ಬರೆದರೆ ನಾವು ಯಾರನ್ನು ಕೇಳುವುದು? ಶುಕ್ರವಾರ ನಾನೇ ಬಸ್ಸು ಹತ್ತಿ ಹೆಬ್ಬಾಳದ ಆ ಲ್ಯಾಬಿಗೆ ಹೋಗಿ, ನನ್ನೆದುರಿಗೇ ಮಾಡಿ ಎಂದು ಕೂತೆ. ಒಂದೇ ಉಂಡೆ ಮಣ್ಣನ್ನು ಎರಡು ಮಾಡಿ, ಕೃಷ್ಣಯ್ಯ ಎನ್ನುವ ದೊಡ್ಡವರೊಬ್ಬರು, ಸಬಾ ಎನ್ನುವ ಹುಡುಗಿ, ಇಬ್ಬರೂ ಗಾಜಿನ ಮೇಲೆ ಬತ್ತಿಯ ಹಾಗೆ ಹೊಸೆದರು. ಅವರದು ಬೇಗ ಪುಡಿಯಾಯಿತು, ಅವಳದು ಇನ್ನೂ ಎಳೆ ಬರುತ್ತಲೇ ಇತ್ತು. ಬೇಗ ಪುಡಿಯಾದರೆ ಜಿಗುಟು ಕಡಿಮೆ, ಎಳೆ ಬಂದಷ್ಟೂ ಜಾಸ್ತಿಯಂತೆ. "ಕೈ ಬದಲಾದ್ರೆ ನಂಬರೂ ಸ್ವಲ್ಪ ಆ ಕಡೆ ಈ ಕಡೆ ಆಗುತ್ತೆ ಅಜ್ಜಿ, ನಿಮ್ ಮಣ್ಣು ಗೆರೆ ಮೇಲೇ ಕೂತಿದೆ" ಎಂದು ನಕ್ಕಳು. "ಮನೇನೂ ಸ್ವಲ್ಪ ಆ ಕಡೆ ಈ ಕಡೆ ವಾಲುತ್ತೇನಮ್ಮ" ಅಂದೆ. ಪಕ್ಕದ ಗೋಪಾಲಮ್ಮನ ಅಡುಗೆಮನೆ ಗೋಡೆಯ ಬಿರುಕು ನಿನಗೆ ಗೊತ್ತಲ್ಲ, ಈಗ ಅದರಲ್ಲಿ ನನ್ನ ಕೈ ಹೋಗುತ್ತದೆ. ಅಲ್ಲಿಂದ ಬಂದ ಮೇಲೆ ನಾನು ಕೂತಲ್ಲಿ ಕೂತಿಲ್ಲ.

ಹೊತ್ತಿಗೆ ಸರಿಯಾಗಿ ಊಟ ಮಾಡು. ದೊಡ್ಡವರಿಗೆ ಎದುರು ಮಾತಾಡಬೇಡ, ಆ ಗುಣ ಮನೆಯಲ್ಲಿ ನನ್ನೊಬ್ಬಳಿಗೆ ಸಾಕು.

ನಿನ್ನ ಅಜ್ಜಿ,
ಮುನಿಗಂಗಮ್ಮ

ಮರೆತಿದ್ದೆ: ಇವತ್ತು ಬೆಳಿಗ್ಗೆ ಬಾಲರಾಜುವಿಗೆ ಇನ್ನೂ ಆಳಕ್ಕೆ ತೋಡು ಎಂದೆ. ಅಶ್ವತ್ಥ ತಟ್ಟೆ ಬಿಟ್ಟು ಎದ್ದ. ಶನಿವಾರ ಯಶವಂತಪುರದಲ್ಲಿ ರೈಲು ಹತ್ತುತ್ತಾನಂತೆ, ನಿನ್ನ ಹತ್ತಿರ ಜಗಳ ಆಡುವುದಕ್ಕೇ. ನಿನ್ನ ರಿಪೋರ್ಟಿಗೂ ಇದಕ್ಕೂ ಸಂಬಂಧವಿಲ್ಲ, ಇದು ನನ್ನ ಹಟ ಎಂದು ಅವನಿಗೆ ಹೇಳಿದ್ದೇನೆ. ನೀನು ನಂಬರು ತೆಗೆದು ವಾದಕ್ಕೆ ಇಳಿಯಬೇಡ. ಮೊದಲು ಊಟ ಬಡಿಸು. ಆಮೇಲೆ ಇಬ್ಬರೂ ಸೇರಿ ನನ್ನನ್ನು ಬೈದುಕೊಳ್ಳಿ.