ಬಲೆಯ ಹೊರಗೆ ನಿಂತ ತಾಯಂದಿರು

೧೪ ಅಕ್ಟೋಬರ್ ೧೯೭೩, ಭಾನುವಾರ. ದುರ್ಗ, ಹಾಸ್ಟೆಲ್.

ನಿನ್ನೆ ರೀಡಿಂಗ್ ರೂಮಿನ ವಾರಪತ್ರಿಕೆಯಲ್ಲಿ ಕಂಡ ಆ ತಿಮಿಂಗಿಲ ಇವತ್ತೂ ತಲೆಯಿಂದ ಇಳಿಯಲಿಲ್ಲ. ಕಪ್ಪು ಮೈ, ಬಿಳಿ ಹೊಟ್ಟೆ. ಅಮೆರಿಕದಲ್ಲಿ ಜನರಿಗೆ ಆಟ ತೋರಿಸಲು ಅದನ್ನು ತೊಟ್ಟಿಯಲ್ಲಿ ಇಟ್ಟಿದ್ದಾರೆ. ನೆಟ್ಟಗೆ ಈಜಲು ಜಾಗವಿಲ್ಲದೆ ಸುತ್ತುತ್ತಲೇ ಇರುತ್ತದಂತೆ. ಅದಕ್ಕೆ ಕೊಲೆಗಾರ ತಿಮಿಂಗಿಲವೆಂದು ಹೆಸರು. ಅದನ್ನು ಕಂಡಲ್ಲಿ ಗುಂಡು ಹೊಡೆಯುವ ಮೀನುಗಾರರಿಗೆ ಯಾವ ಹೆಸರೂ ಇಲ್ಲ.

ಮಧ್ಯಾಹ್ನ ಅಪ್ಪ ಊರಿಂದ ರೊಟ್ಟಿ ಗಂಟು ಹಿಡಿದು ಬಂದಿದ್ದ. ಅವನಿಗೂ ಹೇಳಿದೆ: ಮರಿಗಳನ್ನು ಬಲೆ ಹಾಕಿ ಹಿಡಿದಾಗ ತಾಯಿ ತಿಮಿಂಗಿಲಗಳು ದೂರ ಹೋಗದೆ ಬಲೆಯ ಹೊರಗೇ ಕೂಗುತ್ತಿದ್ದವಂತೆ.

ಅಪ್ಪ ತಲೆಯ ಟವಲ್ಲು ಬಿಚ್ಚಿ ತೊಡೆಯ ಮೇಲಿಟ್ಟುಕೊಂಡ. "ಅವನ್ನ ಯಾರೂ ಬ್ಯಾರೆ ಕಡಿಗೆ ಹೊಡಕಂಡು ಹೋಗ್ಲಿಲ್ವೇನವ್ವ?"

ಕುರಿಮರಿ ಮಾರಿದ ದಿನ ಅಪ್ಪ ಮಂದೆಯನ್ನು ಬೇರೆ ಹೊಲದಲ್ಲಿ ತಂಗಿಸುತ್ತಾನೆ. ಇಲ್ಲದಿದ್ದರೆ ತಾಯಿಕುರಿ ಮರಿಗೆ ಕೊನೆಯ ಸಲ ಹಾಲು ಕೊಟ್ಟ ಜಾಗಕ್ಕೇ ಬಂದು ಕೂಗುತ್ತ ನಿಲ್ಲುತ್ತದೆ, ಮೇಯುವುದಿಲ್ಲ.

"ಸಮುದ್ರದಾಗೆ ಅವಕ್ಕೆ ಯಾರಪ್ಪ ಇರ್ತಾರೆ?" ಎಂದೆ.

ಅಪ್ಪ ಬಸ್ಸು ಹತ್ತುವಾಗ, ಅವ್ವ ಹೇಗಿದ್ದಾಳೆ ಎಂದು ಕೇಳಿದೆ.

"ನೀನು ಓದಾಕೆ ಬರಾವಾಗ ಬಸ್ ಹತ್ತಿದ್ಯಲ್ಲ, ಆ ಹುಣಸೆಮರದ ತಾವ ನಿಮ್ಮವ್ವನ್ನ ಕರಕಂಡು ಹೋಗಲ್ಲ ಕಣವ್ವ. ಕೆರೆ ಏರಿ ಮ್ಯಾಲೆ ಸುತ್ತಾಕಂಡು ಹೊಲಕ್ಕೆ ಹೋಗ್ತೀವಿ."

ಅವ್ವನಿಗೆ ಅಪ್ಪ ಇದ್ದಾನೆ. ನನ್ನ ಕೋಣೆಯ ಕಿಟಕಿ ಬಸ್ ಸ್ಟ್ಯಾಂಡಿನ ಕಡೆಗೇ ಇದೆ. ನಮ್ಮೂರಿನ ಮೇಲೆ ಹೋಗುವ ಹಿರಿಯೂರಿನ ಬಸ್ಸು ಹೊರಟಾಗಲೆಲ್ಲ ಹೋಗಿ ಆ ಕಿಟಕಿಯ ಹತ್ತಿರವೇ ನಿಲ್ಲುತ್ತೇನೆ.

ಅವ್ವ ಕಟ್ಟಿಕೊಟ್ಟ ರೊಟ್ಟಿ ಗಂಟು ಇನ್ನೂ ಬಿಚ್ಚಿಲ್ಲ.