ಸ್ಯಾಂಪಲ್ ನಂಬರ್ ಎರಡು

ಫೆಬ್ರವರಿ 9, ಸೋಮವಾರ. ಸಂಜೆ 7
ಒಪ್ಪಿಕೊಳ್ಳುತ್ತೇನೆ: ನಾನು ಕಳ್ಳ. ಸಹಕರಿಸಿದವರು — ಒಂದು ಟಿಫನ್ ಬ್ಯಾಗು, ಒಂದು ಟವೆಲು. ಕದ್ದ ಮಾಲು — ಸಿಲಿಕೋನ್ ಶಿಶು, ಒಂದು. ಮೂರು ಕೆಜಿ. ಕಣ್ಣು ಮುಚ್ಚಿದೆ, ಕೊರಳು ನಿಲ್ಲುವುದಿಲ್ಲ. ಕಸ್ಟಮ್ಸ್‌ನವರು ತೆಗೆದ ಎರಡು ಸ್ಯಾಂಪಲ್‌ಗಳಲ್ಲಿ ಒಂದನ್ನು ‘ಪೆಟ್ಟಿಗೆಗೆ ವಾಪಸ್ ಹಾಕಿದೆ’ ಎಂದು ಸೈನ್ ಮಾಡಿ ಮನೆಗೆ ತಂದೆ. ಹೆಂಡತಿ ಶ್ರೀಪ್ರಿಯಾಳನ್ನು ಬೆಚ್ಚಿಬೀಳಿಸೋಣವೆಂದು, ಅಷ್ಟೇ.

ತಡೆದಿಟ್ಟ ಸರಕಿನ ಕೇಸು ಸುಲಭ. ಆಟಿಕೆ ಎಂದರೆ ಐಎಸ್‌ಐ ಗುರುತು ಬೇಕು, ಇವಕ್ಕಿಲ್ಲ. ನರ್ಸಿಂಗ್ ಕಾಲೇಜಿನ ಪಾಠದ ಮಾದರಿ ಎಂದರೆ ಬೇಡ. ಮಾದರಿ ಎಂದು ಬರೆದಿದ್ದೇನೆ. ಕಸ್ಟಮ್ಸ್ ಏಜೆಂಟ್ ನಾನು; ಸರಕಿಗೆ ಸುಂಕದ ಹೆಡಿಂಗ್ ಕೊಡುವುದೇ ನನ್ನ ಕಸುಬು — ತಲೆಬರಹ ನನ್ನದು, ಹಣೆಬರಹ ಇಂಪೋರ್ಟರ್‌ದು. ಹತ್ತೊಂಬತ್ತು ವರ್ಷ. ನಾನು ಇಂಥದೆಂದು ಡಿಕ್ಲೇರ್ ಮಾಡಿದ್ದನ್ನು ‘ಅಲ್ಲ’ ಎಂದವರಿಲ್ಲ.

ಶ್ರೀಪ್ರಿಯಾ ಬೆಚ್ಚಲಿಲ್ಲ. ಬೆಚ್ಚಿದ್ದು ನಾನು. ಎರಡು ವರ್ಷದಿಂದ ಯಾರ ಗುರುತೂ ಸಿಗದ ಅಮ್ಮ ಕೈಚಾಚಿ ಇಸಕೊಂಡಳು. “ಸುಶೀ... ಒದ್ದೆ ಮಾಡ್ಕೊಂಡ್ಯೇನೋ?”

ಸುಶಿ ನಾನು. ಸುಶಮೀಂದ್ರ. ವಯಸ್ಸು 46.

ಫೆಬ್ರವರಿ 11
ಅಮ್ಮ ಕೂಸನ್ನು ಇಳಿಸುತ್ತಿಲ್ಲ. ತಿಂಗಳಿಂದ ತಟ್ಟೆ ತಳ್ಳುತ್ತಿದ್ದವಳು ಉಣ್ಣುತ್ತಿದ್ದಾಳೆ — ಕೂಸಿನ ತುಟಿಗೆ ತುತ್ತು ಮುಟ್ಟಿಸಿ, ಅದನ್ನೇ ತನ್ನ ಬಾಯಿಗೆ.

“ಪಾವಂ ರೀ, ಪಾಪ, ಇರ್ಲಿ ಬಿಡಿ,” ಅಂತಾಳೆ ಶ್ರೀಪ್ರಿಯಾ.

ಇರಲಿ ಹೇಗೆ? ಶುಕ್ರವಾರ ಹಿಯರಿಂಗ್. ಎರಡೂ ಸ್ಯಾಂಪಲ್ ಬೇಕಂತೆ. ಬಾಸ್ ತಿರುಮಲೇಶ: “ಒಂದು ಕಮ್ಮಿ ಆದ್ರೆ ನಿಮ್ಮ ಕಸ್ಟಮ್ಸ್ ಪಾಸ್ ಕ್ಯಾನ್ಸಲ್ ಸಾರ್. ಆಮೇಲೆ ನೀವೂ ಹೋಗಿ ದಸರಾ ಕೊಲುನಲ್ಲಿ ಕೂತ್ಕೊಳ್ಳಿ, ಬೊಂಬೆ ಜೊತೆ ಬೊಂಬೆ.”

ಫೆಬ್ರವರಿ 12
ಅವನ ಕುಹಕವೇ ಉಪಾಯವಾಯಿತು. ಫೆಬ್ರವರಿಯಲ್ಲಿ ವಿಜಯದಶಮಿ ಮಾಡಿದೆ. ಅಟ್ಟದಿಂದ ದಸರಾ ಬೊಂಬೆಗಳನ್ನು ಇಳಿಸಿ ಮೆಟ್ಟಿಲ ಮೇಲೆ ಕೂರಿಸಿ, ಆರತಿ ಎತ್ತಿ — “ಅಮ್ಮಾ, ಕೊಲು ಮುಗೀತು. ಬೊಂಬೆ ಮಲಗಿಸು.”

ಇವತ್ತು ಯಾವ ವಾರವೆಂದು ಗೊತ್ತಿಲ್ಲದವಳಿಗೆ ಶಾಸ್ತ್ರ ಗೊತ್ತಿತ್ತು. ಪಟ್ಟದ ಬೊಂಬೆಗಳಲ್ಲಿ ರಾಜನನ್ನು ಎತ್ತಿ ಮಲಗಿಸಿದಳು.

“ಇದನ್ನೂ ಅಮ್ಮ.”

“ಥೂ! ಇದು ಬೊಂಬೆಯೇನೋ? ಕೂಸು.”

ಫೆಬ್ರವರಿ 13
ಅಮ್ಮ ಸ್ನಾನಕ್ಕೆ ಹೋದಾಗ ಕೂಸನ್ನು ಎತ್ತಿಕೊಂಡೆ. ಎರಡನೇ ಕಳ್ಳತನ. ಇದಕ್ಕೆ ಜೋಕಿಲ್ಲ.

ಹಿಯರಿಂಗ್‌ನಲ್ಲಿ, ಇದರ ಜೊತೆ ಯಾರಾದರೂ ಆಡುತ್ತಾರೆಯೇ ಎಂದು ಕೇಳಿದರು ಆಫೀಸರ್ ಮೇಡಂ. ಯಾರೂ ಆಡುವುದಿಲ್ಲ ಎಂದೆ. ಸತ್ಯವೇ. ಧ್ವನಿ ಒಡೆಯಿತು, ನೆಗಡಿ ಎಂದೆ. ಗೆದ್ದೆ. ಸ್ಯಾಂಪಲ್ ಸಮೇತ ಲಾರಿ ಕೊಯಮತ್ತೂರಿನ ಕಾಲೇಜಿಗೆ ಹೊರಟಿತು.

ಫೆಬ್ರವರಿ 17
ಉಣ್ಣುತ್ತಿಲ್ಲ. ಶ್ರೀಪ್ರಿಯಾ ಪಾಂಡಿ ಬಜಾರಿನಿಂದ ಇನ್ನೊಂದು ತಂದಳು. ಅಮ್ಮ ತಿರುಗಿಸಿ, ಮಗುಚಿ ನೋಡಿದಳು. “ಬೊಂಬೆ,” ಎಂದು ರಾಜನ ಪಕ್ಕ ಮಲಗಿಸಿದಳು. ನನಗಿಂತ ಒಳ್ಳೆಯ ಕ್ಲಾಸಿಫಿಕೇಶನ್.

ಫೆಬ್ರವರಿ 20. ಮಧ್ಯಾಹ್ನ
ಒಂದು ವಾರ. ದಿನಕ್ಕೆ ಎರಡು ಚಮಚ ಗಂಜಿ.

“ಸುಶಿ ಎಲ್ಲಿ?”

“ನಾನೇ ಅಮ್ಮ.”

ಗಲ್ಲ ಹಿಡಿದು ಬೆಳಕಿಗೆ ತಿರುಗಿಸಿದಳು. ಬಿಟ್ಟಳು.

ಆಮೇಲೆ ನಾನು ಮಾಡಿದ್ದನ್ನು ಶ್ರೀಪ್ರಿಯಾಗೂ ಹೇಳಿಲ್ಲ. ಬಾಗಿಲು ಹಾಕಿದೆ. ಎಂಬತ್ತೆರಡು ಕೆಜಿ ಮನುಷ್ಯ... ಮೊಣಕಾಲು ಮಡಚಿ, ಅವಳ ತೊಡೆಯ ಮೇಲೆ ತಲೆಯಿಟ್ಟೆ. ಕಣ್ಣು ಮುಚ್ಚಿದೆ. ಕೊರಳು ಸಡಿಲ ಬಿಟ್ಟೆ. ತುತ್ತಿಗೆ ಬಾಯಿ ತೆರೆದೆ.

“ಏಳಿ ಸ್ವಾಮಿ,” ಅಂದಳು, ಮರ್ಯಾದೆಯಿಂದಲೇ. “ಅದು ನನ್ನ ಮಗು ಮಲಗೋ ಜಾಗ.”

ಹತ್ತೊಂಬತ್ತು ವರ್ಷದಲ್ಲಿ ಮೊದಲ ಸಲ, ನನ್ನ ಡಿಕ್ಲರೇಶನ್ನಿಗೆ ‘ಅಲ್ಲ’.

ಎದ್ದೆ. ತಟ್ಟೆಯಲ್ಲಿ ಅಮ್ಮ ಮುಟ್ಟದ ಮೊಸರನ್ನ ಹಾಗೇ ಇತ್ತು.